ತೊಟ್ಟಿಗೆ ಇಳಿಸುವ ದೀಪ

ಆ ಮನೆಯಲ್ಲಿ ಮೂವತ್ತು ವರ್ಷದಿಂದ ಊಟ ಒಂದೇ ಹರಿವಾಣದಲ್ಲಿ. ನಡುವೆ ಗೋಧಿರವೆಯ ಕುಸ್ಕುಸ್, ಸುತ್ತ ನಾಲ್ಕು ಚಮಚ, ಯಾರ ಚಮಚ ಯಾರ ಗಡಿ ದಾಟಿತೆಂದು ತಮಾಷೆಯ ಜಗಳ. ಜನವರಿ ಮೂರನೇ ವಾರದಿಂದ ಹರಿವಾಣ ಎರಡಾಯಿತು. ಒಂದು ಅಡುಗೆಮನೆಯ ಚಾಪೆಯ ಮೇಲೆ ಅಪ್ಪನಿಗೆ, ಇನ್ನೊಂದು ಒಳಕೋಣೆಯಲ್ಲಿ ಮಗನಿಗೆ. ಎರಡರ ನಡುವೆ ಓಡಾಡಿ ತಾಯಿ ಹಲ್ಲೂಮಾಳ ಮಂಡಿ ಸವೆದದ್ದೇ ಬಂತು.

“ಅಮ್ಮಾ, ನೀನೂ ಒಂದು ಹರಿವಾಣ ತಗೊಂಡು ಹೊಸ್ತಿಲ ಮೇಲೆ ಕೂತ್ಕೊ. ಗಡಿ ಕಾಯೋಕೆ ಒಬ್ಬರು ಬೇಕಲ್ಲ,” ಎಂದಳು ಮಗಳು ಸಮಾಹ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಇಡೀ ದಿನ ಗಿರಾಕಿಗಳ ಮುಂದೆ ತಡೆದಿಟ್ಟುಕೊಂಡ ಮಾತನ್ನೆಲ್ಲ ಮನೆಗೆ ತಂದು ಸುರಿಯುತ್ತಿದ್ದಳು.

“ಸುಮ್ನೆ ಉಣ್ಣು,” ಎಂದ ಅಪ್ಪ ಬೂರಾವಿ.

“ನಾನು ಉಣ್ತಾ ಇದ್ದೀನಿ. ಒಳಗಿರೋನು ಉಂಡ್ನಾ ಅಂತ ನೀವು ಒಂದು ಸಲ ಆದ್ರೂ ಕೇಳಿದ್ರಾ ಅಪ್ಪ?”

ಒಳಗಿನಿಂದ ಹಾತಿಮ್ ಕೆಮ್ಮುವುದು ಕೇಳಿಸಿತು. ಬೂರಾವಿ ಚಮಚ ಕೆಳಗಿಟ್ಟು, ಕೆಮ್ಮು ನಿಲ್ಲುವವರೆಗೆ ಕಾದು, ಮತ್ತೆ ಎತ್ತಿಕೊಂಡ. ಕೇಳಲಿಲ್ಲ.

ಬೂರಾವಿ ಟ್ಯುನೀಶಿಯಾದ ಸ್ಫಾಕ್ಸ್ ಊರಾಚೆಯ ಒಂದು ಆಲಿವ್ ಗಾಣದ ರಯೀಸ್. ಹನ್ನೊಂದು ಆಳುಗಳ ಮೇಲಿನ ಮೇಸ್ತ್ರಿ. ಮಗ ಹಾತಿಮ್ ಅವನ ಕೈಕೆಳಗೇ ದುಡಿಯುತ್ತಿದ್ದ. ಜನವರಿ ಎರಡನೇ ವಾರದ ಗುರುವಾರ, ಗಾಣದಿಂದ ಹೊರಬೀಳುವ ಕಪ್ಪು ಕೊಳೆನೀರು ಹೋಗಿ ಸೇರುವ ನೆಲದೊಳಗಿನ ತೊಟ್ಟಿಯಲ್ಲಿ ಪಂಪು ಕಟ್ಟಿಕೊಂಡಿತು. ಹಾತಿಮ್ ಏಣಿ ಹಿಡಿದು ಇಳಿದ. ಮೇಲಿಂದ ಕೂಗಿದರೆ ಓಗೊಡಲಿಲ್ಲ. ಅವನನ್ನು ಎತ್ತಲು ಜೊತೆಯ ಆಳು ಲುತ್ಫಿ ಇಳಿದ. ಹಾತಿಮ್‌ನ ಕಂಕುಳಿಗೆ ಹಗ್ಗ ಬಿಗಿದು “ಎಳೀರಿ” ಎಂದಿದ್ದೇ ಲುತ್ಫಿಯ ಕೊನೆಯ ಮಾತು. ಹಾತಿಮ್ ಮೇಲೆ ಬಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು, ಎದೆಯೊಳಗೆ ಮರಳು ತುಂಬಿಕೊಂಡವನಂತೆ ಉಸಿರಾಡುತ್ತಾ ಮನೆಗೆ ಬಂದ. ಲುತ್ಫಿಯನ್ನು ಶುಕ್ರವಾರ ಮಣ್ಣು ಮಾಡಿದರು.

ಹಲ್ಲೂಮಾ ಅಡುಗೆಮನೆಯಲ್ಲಿ ತಲೆ ಎತ್ತಿದಾಗಲೆಲ್ಲ ಜರಡಿ ಇಡುವ ಹಲಗೆಯ ಮೇಲೆ ಆ ದೀಪ ಕಾಣುತ್ತಿತ್ತು. ಹಿಡಿಕೆಗೆ ಸರಪಳಿ ಕಟ್ಟಿದ ಹಿತ್ತಾಳೆಯ ಹಳೇ ದೀಪ. ಪ್ರತಿ ಅಕ್ಟೋಬರಿನಲ್ಲಿ, ಆಲಿವ್ ಕಾಯಿಯ ಮೊದಲ ಹೇರು ಗಾಣಕ್ಕೆ ಬರುವ ಮುಂಚೆ, ರಯೀಸನ ಹೆಂಡತಿ ಬತ್ತಿ ಹೊಸೆದು, ಹಿಂದಿನ ವರ್ಷದ ಎಣ್ಣೆ ತುಂಬಿ ಕಳಿಸಬೇಕು. ತೊಟ್ಟಿಗೆ ಇಳಿಯುವ ಮುಂಚೆ ಅದನ್ನು ಹೊತ್ತಿಸಿ ಸರಪಳಿಯಿಂದ ಇಳಿಬಿಡುತ್ತಾರೆ. ದೀಪ ಉರಿದರೆ ಆಳು ಇಳಿಯುತ್ತಾನೆ, ಆರಿದರೆ ಇಳಿಯುವುದಿಲ್ಲ. ಅವಳ ಅತ್ತೆ ಬತ್ತಿ ಹೊಸೆದಿದ್ದಳು, ಮೂವತ್ತೊಂದು ವರ್ಷ ಇವಳು ಹೊಸೆದಳು. ತನ್ನ ಬೆರಳಿನ ಕೆಲಸದಿಂದ ಅಷ್ಟು ಮನೆಯ ಗಂಡಸರು ಸಂಜೆ ಮನೆಗೆ ಬರುತ್ತಾರೆಂಬ ಹೆಮ್ಮೆ ಅವಳಿಗಿತ್ತು. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕಳೆದ ಅಕ್ಟೋಬರಿನಲ್ಲಿ ಬೂರಾವಿ ಅದನ್ನು ಮನೆಗೆ ವಾಪಸ್ ತಂದಿದ್ದ. “ಗಾಣದಲ್ಲಿ ಇನ್ಮೇಲೆ ಬೆಂಕಿ ಹಚ್ಚೋ ಹಾಗಿಲ್ಲವಂತೆ. ಎಣ್ಣೆ ಕೊಳ್ಳೋ ಪರದೇಶದೋರು ಸರ್ಟಿಫಿಕೇಟ್ ಕೇಳ್ತಾರಂತೆ. ಗಾಳಿ ಅಳೆಯೋಕೆ ಮೀಟರ್ ತರಿಸಿದ್ದಾರೆ,” ಎಂದು ಹೇಳಿ ಜರಡಿಯ ಪಕ್ಕ ಇಟ್ಟಿದ್ದ. ಹೊಸ ಬತ್ತಿ ಹೊತ್ತದೆಯೇ ಉಳಿಯಿತು.

ಎರಡು ಹರಿವಾಣ ಶುರುವಾದ ನಾಲ್ಕನೇ ದಿನ ಗಾಣದ ಧಣಿ, ಎಲ್ಲರೂ ಮರ್ಯಾದೆಗೆ ‘ಸೀ’ ಸೇರಿಸಿ ಕರೆಯುವ ಸೀ ಮುನೀರ್, ಮನೆಗೆ ಬಂದ. ಎರಡು ಡಬ್ಬ ಎಣ್ಣೆ ಬಾಗಿಲಲ್ಲಿ ಇಳಿಸಿ, ಬೂಟು ಕಳಚಿ, ಚಾಪೆಯ ಮೇಲೆ ಮನೆಯವನಂತೆಯೇ ಕೂತ. ಕೆಟ್ಟ ಮನುಷ್ಯ ಎನ್ನುವಂತಿಲ್ಲ. ಅವನ ಅಪ್ಪ ಬದುಕಿದ್ದಾಗ ಇದೇ ಅಂಗಳದಲ್ಲಿ ಆಡಿ, ಇದೇ ಹಲ್ಲೂಮಾಳ ಕೈಯ ರೊಟ್ಟಿ ತಿಂದವನು. ಹಾತಿಮ್‌ನನ್ನು ನೋಡಿ ಬಂದು ಕಣ್ಣು ಒರೆಸಿಕೊಂಡದ್ದೂ ನಾಟಕವಲ್ಲ. ಆಮೇಲೆ ಜೇಬಿನಿಂದ ಕಾಗದ ತೆಗೆದ.

“ಬರೀ ಒಂದು ಹೇಳಿಕೆ ರಯೀಸ್. ನೀವು ಹೇಳಿದ್ದನ್ನೇ ಬರೆಸಿದ್ದೀನಿ.”

ಬೂರಾವಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ಇಬ್ಬರೂ ಕೆಲಸಗಾರರು ಅಪ್ಪಣೆ ಕೇಳದೆ, ಮೀಟರಿನಿಂದ ಗಾಳಿ ಅಳೆಯದೆ, ತರಬೇತಿ ಪಡೆದಿದ್ದರೂ ನಿಯಮ ಮುರಿದು, ಸ್ವಂತ ಇಚ್ಛೆಯಿಂದ ತೊಟ್ಟಿಗೆ ಇಳಿದರು ಎಂದಿತ್ತು.

“ಲುತ್ಫಿ ಹೆಸರೂ ಹಾಕಿದ್ದೀರಾ,” ಎಂದಳು ಹಲ್ಲೂಮಾ, ಚಹಾ ಇಡುತ್ತಾ.

“ಅವನಿಗೆ ಇನ್ನು ನೋವಿಲ್ಲ ತಾಯಿ. ಗಾಣ ಮುಚ್ಚಿಸಿದ್ರೆ ಬದುಕಿರೋ ಹತ್ತು ಮನೆಗೆ ನೋವು. ಅವನು ಹೋದ ನಲವತ್ತನೇ ದಿನದ ಊಟದ ಹೊತ್ತಿಗೆ ರುಜು ಹಾಕಿ ಕೊಡಿ ರಯೀಸ್, ಅವಸರವೇನಿಲ್ಲ.”

ಧಣಿ ಹೋದಮೇಲೆ ಒಳಕೋಣೆಯ ಬಾಗಿಲು ತೆರೆಯಿತು. ಹಾತಿಮ್ ಗೋಡೆ ಹಿಡಿದು ನಿಂತಿದ್ದ. ಅಷ್ಟು ದಿನದ ಮೇಲೆ ಅಪ್ಪ ಮಗ ಎದುರುಬದುರಾದದ್ದು ಅದೇ ಮೊದಲು.

“ರುಜು ಹಾಕ್ತೀರಾ?”

“ಸುಳ್ಳೇನು ಬರೆದಿದೆ ಅದರಲ್ಲಿ? ಗಾಳಿ ಅಳೆದಿದ್ಯಾ ನೀನು?”

“ಯಾವುದರಲ್ಲಿ ಅಳೀಬೇಕಿತ್ತು? ದೀಪ ಇಲ್ಲಿ ಜರಡಿ ಪಕ್ಕ ಕೂತಿತ್ತು. ತಂದಿಟ್ಟೋರು ನೀವು.”

“ಮೀಟರ್ ಇತ್ತು.”

“ಆಫೀಸ್ ಬೀರುವಲ್ಲಿ. ಬೀಗದ ಕೈ ಸೀ ಮುನೀರ್ ಸೋದರಳಿಯನ ಹತ್ರ. ಅಳಿಯ ಟ್ಯೂನಿಸ್‌ನಲ್ಲಿ.”

“ಹಾಗಾದ್ರೆ ಕಾಯಬೇಕಿತ್ತು. ಮೂವತ್ತು ವರ್ಷ ನಾನು ಕಾದಿಲ್ವಾ? ಹುಷಾರಾಗಿರೋನಿಗೆ ಏನೂ ಆಗಲ್ಲ ಅಂತ ನಿನಗೆ ಎಷ್ಟು ಸಲ ಹೇಳಿದ್ದೀನಿ?”

“ಹೇಳಿದ್ರಿ. ಆವತ್ತು ಏನು ಹೇಳಿದ್ರಿ ಅದನ್ನೂ ಹೇಳಿ.” ಹಾತಿಮ್‌ಗೆ ಕೆಮ್ಮು ಬಂತು, ತಡೆದುಕೊಂಡ. “ಗೇಟಲ್ಲಿ ಹೇರು ಸಾಲುಗಟ್ಟಿ ನಿಂತಿವೆ, ಮಧ್ಯಾಹ್ನದ ಬಾಂಗ್ ಒಳಗೆ ಪಂಪು ಓಡಬೇಕು ಅಂದೋರು ಯಾರು? ನಾನು ಕನಸಲ್ಲಿ ಕೇಳಿದ್ನಾ?”

ಬೂರಾವಿಯ ಮುಖ ಕಪ್ಪಿಟ್ಟಿತು. “ಪಂಪು ನೋಡು ಅಂದೆ. ಸಾಯಿ ಅಂದ್ನಾ?”

ಸಮಾಹ್ ಎಂದಿನ ಕುಹಕವಿಲ್ಲದೆ, ನಿಜವಾಗಿಯೇ ತಿಳಿದುಕೊಳ್ಳಬೇಕೆಂದು ಕೇಳಿದಳು: “ಅಪ್ಪ, ಆ ಮೀಟರ್ ನೀವು ನೋಡಿದ್ದೀರಾ?”

“ನೋಡಿದ್ದೀನಿ. ಹಳದಿ ಬಣ್ಣ. ಅಂಗೈಯಷ್ಟು.”

“ಅದನ್ನ ಆನ್ ಮಾಡೋಕೆ ಬರುತ್ತಾ ನಿಮಗೆ?”

ಬೂರಾವಿ ಕನ್ನಡಕ ಮಡಿಚಿ, ಕಾಗದದ ಜೊತೆ ಕೋಟಿನ ಒಳಜೇಬಿಗೆ ಹಾಕಿಕೊಂಡು ಗಾಣಕ್ಕೆ ಹೊರಟ.

“ಅವರು ಅದಕ್ಕೆ ರುಜು ಹಾಕಿದ ದಿನ ನಾನು ಈ ಮನೇಲಿ ಇರಲ್ಲ ಅಮ್ಮ,” ಎಂದ ಹಾತಿಮ್. ದನಿ ಏರಿಸದೆ ಹೇಳಿದ್ದರಿಂದಲೇ ಹಲ್ಲೂಮಾ ಅದನ್ನು ನಂಬಿದಳು. “ನನ್ನ ಕಂಕುಳಿಗೆ ಹಗ್ಗ ಕಟ್ಟಿದೋನು ಅವನು. ಅವನನ್ನ ದಡ್ಡ ಅಂತ ಬರೆದ ಮನೇಲಿ ನನಗೆ ಗಂಟಲಲ್ಲಿ ಅನ್ನ ಇಳಿಯಲ್ಲ.”

ಸೀ ಮುನೀರ್ ತಂದ ಎಣ್ಣೆಯ ಡಬ್ಬಗಳನ್ನು ಹಲ್ಲೂಮಾ ತೆರೆಯಲಿಲ್ಲ. ಅಂಗಡಿಯಿಂದ ಎಣ್ಣೆ ಕೊಂಡುತಂದಳು. ಗಾಣದ ರಯೀಸನ ಹೆಂಡತಿ ಎಣ್ಣೆ ಕೊಳ್ಳುವುದನ್ನು ಕಂಡು ಅಂಗಡಿಯವನು ಕಣ್ಣರಳಿಸಿದ.

ಬುಧವಾರಗಳಂದು ಅವಳು ಲುತ್ಫಿಯ ಮನೆಗೆ ಹೋಗಿ ಬರುತ್ತಿದ್ದಳು. ಅವನ ಹೆಂಡತಿ ಉಲ್ಫಾ ಅತ್ತೆಯ ಜೊತೆ ಕೂತು ಕುಸ್ಕುಸ್‌ಗೆ ರವೆ ಉಜ್ಜುತ್ತಿದ್ದಳು. ನಲವತ್ತರ ಊಟಕ್ಕೆ ಈಗಿನಿಂದಲೇ ಮಾಡಿ ಒಣಗಿಸಿಡಬೇಕು. ಹಲ್ಲೂಮಾ ಬಳೆ ಸರಿಸಿಕೊಂಡು ತಾನೂ ಕೈ ಹಾಕಿದಳು.

“ದೊಡ್ಡಮ್ಮ, ಒಂದು ಕೇಳ್ಲಾ?” ಎಂದಳು ಉಲ್ಫಾ, ತಲೆ ಎತ್ತದೆ. “ಊರಲ್ಲಿ ಹೇಳ್ತಿದ್ದಾರೆ, ಲುತ್ಫಿ ಹಿಂದುಮುಂದು ನೋಡದೆ ಹಾರಿದ ಅಂತ. ನಿಜಾನಾ?”

“ನನ್ನ ಮಗನಿಗೋಸ್ಕರ ಇಳಿದ ತಾಯಿ.”

“ಅದು ಗೊತ್ತು. ನಾನು ಕೇಳೋದು ಅದಲ್ಲ.” ಅವಳ ಕೈ ರವೆಯ ಮೇಲೆ ಸುತ್ತುತ್ತಲೇ ಇತ್ತು. “ಹದಿನಾಲ್ಕು ವರ್ಷ ಬಾಳಿದೆ ಅವರ ಜೊತೆ. ಗ್ಯಾಸ್ ಒಲೆ ಆರಿಸಿದ್ಯಾ ಅಂತ ಮೂರು ಸಲ ನೋಡಿ ಮನೆ ಬಿಡೋರು. ಅಂಥೋರನ್ನ ಕಾಗದದ ಮೇಲೆ ಹುಚ್ಚ ಅಂತ ಬರೀತಾರಂತೆ. ಅದೊಂದು ಆಗದಿರ್ಲಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಆ ಕಾಗದ ತನ್ನ ಗಂಡನ ಜೇಬಿನಲ್ಲಿದೆ ಎನ್ನಲು ಹಲ್ಲೂಮಾಳ ನಾಲಿಗೆ ಏಳಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತಳು.

ಫೆಬ್ರವರಿಯ ಮೊದಲ ವಾರ ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿ ಬಂದರು. ರೌದಾ ಎಂದು ಹೆಸರು. ಬೂಟಿಗೆ ಗಾಣದ ಹಿಂಡಿ ಮೆತ್ತಿತ್ತು. ಅಂದರೆ ಆಫೀಸಿನಲ್ಲಿ ಕಾಫಿ ಕುಡಿದಷ್ಟಕ್ಕೇ ಬಂದವರಲ್ಲ. ಹಾತಿಮ್‌ನ ಹತ್ತಿರ ಅರ್ಧ ಗಂಟೆ ಮಾತಾಡಿ, ಆಮೇಲೆ ಬೂರಾವಿಯ ಎದುರು ಚಾಪೆಯ ಮೇಲೆ ಕೂತರು.

ಬೂರಾವಿ ಅವರಿಗೆ ಕಾಯದೆ ತಾನೇ ಶುರು ಮಾಡಿದ. ಹಲಗೆಯ ಮೇಲಿನ ದೀಪ ತಂದು ಮುಂದಿಟ್ಟ. “ನೋಡಿ ಮೇಡಂ. ಇದು ನಮ್ಮ ಮೀಟರ್. ಇದನ್ನ ಬಿಟ್ಟ ವರ್ಷವೇ ಹೀಗಾಯ್ತು. ಇದು ಇಲ್ಲಾಂತ ಗೊತ್ತಿದ್ಮೇಲೆ ಹುಡುಗರು ಇಳೀಬಾರದಿತ್ತು. ಇದನ್ನ ಇಳಿಸಿದ್ರೆ ಆರಿಹೋಗ್ತಿತ್ತು, ಅವರು ಬದುಕ್ತಿದ್ರು.”

ರೌದಾ ದೀಪ ಎತ್ತಿ, ಬತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಚೆನ್ನಾಗಿ ಹೊಸೆದಿದ್ದಾರೆ,” ಎಂದು ದೀಪವನ್ನು ಕೆಳಗಿಟ್ಟರು. “ಆರ್ತಾ ಇರಲಿಲ್ಲ ರಯೀಸ್.”

“ಏನು?”

“ಉಸಿರಾಡೋ ಗಾಳಿಯೇ ಇಲ್ಲದಿದ್ರೆ ದೀಪ ಆರುತ್ತೆ. ಆವತ್ತು ಗಾಳಿ ಇತ್ತು. ಅದರ ಜೊತೆ ವಿಷ ಇತ್ತು. ಕಪ್ಪು ನೀರು ಕೊಳೆತಾಗ ಬರೋ ವಿಷ. ಅದು ಇದ್ರೂ ದೀಪ ಉರೀತಾನೇ ಇರುತ್ತೆ. ಬೇರೆ ಅನಿಲವೂ ತುಂಬಿದ್ರೆ ಇದರಿಂದ ಬೆಂಕಿನೇ ಹತ್ತಬಹುದಿತ್ತು. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಜಾಸ್ತಿಯಾದ್ರೆ ಮೂಗಿಗೆ ಅದೂ ಗೊತ್ತಾಗಲ್ಲ.”

ಹಲ್ಲೂಮಾ ಚಹಾದ ತಟ್ಟೆ ಕೆಳಗಿಟ್ಟಳು. “ಮೂವತ್ತೊಂದು ವರ್ಷ ನಾನು ಬತ್ತಿ ಹೊಸೆದಿದ್ದೀನಿ ತಾಯಿ. ಒಬ್ಬರಿಗೂ ಏನೂ ಆಗಿರಲಿಲ್ಲ.”

“ಆಗ ತೊಟ್ಟಿ ಹೇಗಿತ್ತಮ್ಮ?”

ಉತ್ತರ ಕೊಟ್ಟವನು ಬೂರಾವಿ. “ಚಿಕ್ಕದಿತ್ತು. ಮೇಲೆ ತೆರೆದಿತ್ತು. ವಾರಕ್ಕೊಮ್ಮೆ ಟ್ಯಾಂಕರ್ ಬಂದು ಖಾಲಿ ಮಾಡ್ತಿತ್ತು. ನಾಲ್ಕು ವರ್ಷದ ಹಿಂದೆ ಎರಡರಷ್ಟು ಅಗೆದು, ಅಕ್ಕಪಕ್ಕದೋರು ವಾಸನೆ ಅಂತಾರೆ ಅಂತ ಮೇಲೆ ಚಪ್ಪಡಿ ಮುಚ್ಚಿದ್ರು. ಈ ಸಲ...” ಅವನು ಬೆರಳಲ್ಲಿ ಲೆಕ್ಕ ಹಾಕಿದ. “ಈ ಸಲ ಡಿಸೆಂಬರಿಂದ ಟ್ಯಾಂಕರ್ ಬಂದಿಲ್ಲ.”

“ಚಪ್ಪಡಿ ಮುಚ್ಚಿದಾಗ ಒಳಗೆ ಏನು ಬದಲಾಗುತ್ತೆ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?”

“ಯಾರು ಹೇಳ್ತಾರೆ ಮೇಡಂ?”

“ಯಾರು ತಪ್ಪು ಮಾಡಿದ್ರು ಅಂತ ಎಲ್ಲರೂ ನನಗೆ ಹೇಳ್ತಿದ್ದಾರೆ. ನಾನು ಕೇಳ್ತಿರೋದು ಬೇರೆ. ಆವತ್ತು ಬೆಳಿಗ್ಗೆ ಆ ಪಂಪಿನ ಮುಂದೆ ನಿಂತೋನಿಗೆ ಬೇರೆ ಏನು ಮಾಡೋಕೆ ದಾರಿ ಇತ್ತು?” ರೌದಾ ಚೀಲದಿಂದ ಒಂದು ನಕಲು ಹಾಳೆ ತೆಗೆದರು. “ಇದರಲ್ಲಿ ಅಕ್ಟೋಬರ್ ಹದಿನೆಂಟರಂದು ತೊಟ್ಟಿಯ ಅಪಾಯದ ಬಗ್ಗೆ ಹನ್ನೊಂದು ಜನಕ್ಕೂ ತರಬೇತಿ ಆಯ್ತು ಅಂತಿದೆ. ಹನ್ನೊಂದು ಹೆಸರು. ಎಲ್ಲದರ ಮುಂದೆ ಒಂದೇ ಕೈಯ ರುಜು. ನಿಮ್ಮದಾ?”

“ನನ್ನದೇ.”

“ತರಬೇತಿ ಆಯ್ತಾ?”

ಬೂರಾವಿ ದೀಪದ ಕಡೆ ನೋಡಿದ, ಗೋಡೆಯ ಕಡೆ ನೋಡಿದ. “ಹಾಳೇಲಿ ಇದೆಯಲ್ಲ,” ಎಂದ.

ರೌದಾ ಒತ್ತಾಯ ಮಾಡಲಿಲ್ಲ. ನಲವತ್ತರ ಊಟದ ಮರುದಿನ ಕಚೇರಿಗೆ ಬಂದು ಹೇಳಿಕೆ ಕೊಡಬೇಕೆಂದು ಹೇಳಿ, ಚಹಾ ಪೂರ್ತಿ ಕುಡಿದು ಹೋದರು. ಹಲ್ಲೂಮಾ ದೀಪದಿಂದ ಬತ್ತಿ ಎಳೆದು ತೆಗೆದಳು. ಒಲೆಗೆ ಹಾಕಬೇಕೆಂದುಕೊಂಡು, ಕೈ ಬಾರದೆ, ಮುಸುಕಿನ ತುದಿಯ ಗಂಟಿನಲ್ಲಿ ಕಟ್ಟಿಕೊಂಡಳು. ಯಾರ ಮೇಲೆ ಸಿಟ್ಟಾಗಬೇಕೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಬೆರಳುಗಳ ಮೇಲೆಯೇ ಸಿಟ್ಟು ಬಂತು.

ಅಂದಿನಿಂದ ಬೂರಾವಿ ಗಾಣಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಮುಂದಿಟ್ಟದ್ದನ್ನು ಉಣ್ಣುತ್ತಿದ್ದ. ಹುಷಾರಾಗಿರುವವನಿಗೆ ಏನೂ ಆಗುವುದಿಲ್ಲ ಎಂಬ ಅವನ ಹಳೇ ಪಲ್ಲವಿ ನಿಂತೇಹೋಯಿತು. ಎರಡು ವಾರದ ಮೇಲೆ ಒಂದು ಭಾನುವಾರ ಹಲ್ಲೂಮಾ ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದ. ಮದುವೆಯಾದಂದಿನಿಂದ ಅವನು ಬಟಾಣಿ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ.

“ಆವತ್ತು ತರಬೇತಿ ಆಗ್ಲಿಲ್ಲ,” ಎಂದ.

“ಗೊತ್ತಾಯ್ತು.”

“ಧಣಿಯ ಅಳಿಯ ಹಾಳೆ ತಂದ. ಹುಡುಗರು ಚೀಲ ಇಳಿಸ್ತಿದ್ರು, ಮೊದಲ ಹೇರು ಬಂದಿತ್ತು. ಒಬ್ಬೊಬ್ಬರನ್ನೇ ಕರೆದ್ರೆ ಹೊತ್ತಾಗುತ್ತೆ, ನೀವೇ ಹಾಕ್ಬಿಡಿ ರಯೀಸ್ ಅಂದ. ಹಾಕ್ಬಿಟ್ಟೆ. ನಮ್ಮ ಹತ್ರ ದೀಪ ಇದೆಯಲ್ಲ, ಇವರೇನು ಕಲಿಸ್ತಾರೆ ಅನ್ನೋ ಸೊಕ್ಕು ಬೇರೆ. ಅದೇ ವಾರ ದೀಪಾನೂ ಮನೆಗೆ ತಂದಿಟ್ಟೆ.” ಸಿಪ್ಪೆಯನ್ನು ಬೋಗುಣಿಗೂ ಕಾಳನ್ನು ಸಿಪ್ಪೆಯ ರಾಶಿಗೂ ಹಾಕುತ್ತಿದ್ದ, ಅವಳು ಸುಮ್ಮನೆ ಆರಿಸಿ ಸರಿಮಾಡುತ್ತಿದ್ದಳು. “ಇದನ್ನ ಹೇಳಿದ್ರೆ ಗಾಣದವರ ಜೊತೆ ನನ್ನನ್ನೂ ಹಿಡ್ಕೋತಾರೆ. ಈ ವಯಸ್ಸಲ್ಲಿ ಕೆಲಸವೂ ಹೋಗುತ್ತೆ, ಮುಖವೂ ಹೋಗುತ್ತೆ.”

“ಹೇಳದಿದ್ರೆ?”

“ಹೇಳದಿದ್ರೆ ಲುತ್ಫಿ ಎಲ್ಲಾ ಕಲಿತೂ ಬೇಕಂತ ಸತ್ತ ಅಂತ ಆಗುತ್ತೆ.”

ಹಲ್ಲೂಮಾ ಬೋಗುಣಿಯನ್ನು ಅವನ ಕೈಗೆ ಸಿಗದಷ್ಟು ದೂರ ಸರಿಸಿದಳು. “ರೀ, ನಾನು ನಿಮಗೆ ಯಾವತ್ತೂ ಗಾಣದ ವಿಷಯ ಹೇಳಿಕೊಟ್ಟೋಳಲ್ಲ. ಇವತ್ತೂ ಹೇಳಲ್ಲ. ಆದ್ರೆ ಬುಧವಾರ ಉಲ್ಫಾ ಮುಂದೆ ಕೂತು ರವೆ ಉಜ್ಜೋಳು ನಾನು. ನನಗೆ ಅವಳ ಮುಖ ನೋಡೋಕಾಗ್ತಿಲ್ಲ.”

ನಲವತ್ತನೇ ದಿನ ಲುತ್ಫಿಯ ಮನೆಯಂಗಳದಲ್ಲಿ ಚಾಪೆ ಹಾಸಿದ್ದರು. ಕುರಾನ್ ಓದಿ ಮುಗಿಸಿದ ಮೇಲೆ ಗಂಡಸರು ಐದಾರು ಜನರಂತೆ ಹರಿವಾಣಗಳ ಸುತ್ತ ಕೂತರು. ಗಾಣದ ಒಂಬತ್ತು ಆಳುಗಳೂ ಇದ್ದರು. ಸೀ ಮುನೀರ್ ಬಂದು ಬೂರಾವಿಯ ಹರಿವಾಣದಲ್ಲೇ ಕೂತ. ಹಾತಿಮ್ ಅಂಗಳದ ಆಚೆ ತುದಿಯಲ್ಲಿ ಗೋಡೆಗೆ ಒರಗಿ ಒಬ್ಬನೇ ಕೂತಿದ್ದ. ಅವನ ಬಟ್ಟೆಯ ಚೀಲ ಬೆಳಿಗ್ಗೆಯೇ ಕಟ್ಟಿ ಮಂಚದ ಕೆಳಗಿಟ್ಟದ್ದು ಹಲ್ಲೂಮಾಳಿಗೆ ಗೊತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಹಿಂದೆ ಉಲ್ಫಾ.

ಸೀ ಮುನೀರ್ ಬಗ್ಗಿ ಏನೋ ಪಿಸುಗುಟ್ಟಿದ. ಬೂರಾವಿ ಒಳಜೇಬಿನಿಂದ ಕಾಗದ ತೆಗೆದ. ಆದರೆ ಕೊಡಲಿಲ್ಲ, ಎದ್ದು ನಿಂತ.

“ಹುಡುಗರಾ, ಒಂದು ಕೇಳ್ತೀನಿ. ಅಕ್ಟೋಬರಲ್ಲಿ ತೊಟ್ಟಿ ಬಗ್ಗೆ ನಿಮಗೆಲ್ಲ ತರಬೇತಿ ಕೊಟ್ರಂತೆ. ಯಾರಿಗಾದ್ರೂ ನೆನಪಿದೆಯಾ?”

ಚಮಚಗಳು ನಿಂತವು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಹೇಳಿದ: “ಇಲ್ವಲ್ಲ ರಯೀಸ್. ಯಾವತ್ತು?”

“ಮೊದಲ ಹೇರು ಬಂದ ದಿನ.”

“ಆವತ್ತು ಚೀಲ ಇಳಿಸ್ತಿದ್ವಲ್ಲ.”

“ಹೌದು. ನೀವು ಚೀಲ ಇಳಿಸ್ತಿದ್ರಿ. ನಾನು ನಿಮ್ಮ ಹನ್ನೊಂದು ಹೆಸರಿನ ಮುಂದೂ ರುಜು ಹಾಕ್ತಿದ್ದೆ. ಲುತ್ಫಿ ಹೆಸರಿನ ಮುಂದೂ ಹಾಕಿದೆ.”

“ರಯೀಸ್, ಇದು ಊಟದ ಜಾಗ,” ಎಂದ ಸೀ ಮುನೀರ್ ಮೆಲ್ಲಗೆ.

“ಅವನ ಹೆಸರಿನ ಊಟ ಸೀ ಮುನೀರ್. ಅವನ ಮಾತು ಇಲ್ಲಲ್ಲದೆ ಇನ್ನೆಲ್ಲಿ ಆಡ್ಬೇಕು? ಪಂಪು ಬೇಗ ನೋಡು ಅಂದೋನೂ ನಾನೇ. ಚಪ್ಪಡಿ ಮುಚ್ಚಿಸಿದೋರು ನೀವು, ಟ್ಯಾಂಕರ್ ನಿಲ್ಲಿಸಿದೋರು ನೀವು, ಮೀಟರಿಗೆ ಬೀಗ ಹಾಕಿದೋರು ನಿಮ್ಮ ಅಳಿಯ. ನಮ್ಮದೆಲ್ಲ ಬಿಟ್ಟು ಹುಡುಗರ ತಪ್ಪು ಮಾತ್ರ ಬರೆದಿದೆ ಈ ಕಾಗದದಲ್ಲಿ. ನನ್ನ ಕೈಯಲ್ಲಿ ರುಜು ಆಗಲ್ಲ.” ಕಾಗದವನ್ನು ಮಡಿಚಿ ಧಣಿಯ ಮಂಡಿಯ ಪಕ್ಕ ಇಟ್ಟ.

ಸೀ ಮುನೀರ್ ಕಾಗದ ಎತ್ತಿಕೊಂಡು ಎದ್ದ. ಬೂಟು ಹಾಕಿಕೊಳ್ಳುವಾಗ ದಾರ ಕಟ್ಟಲು ಬಹಳ ಹೊತ್ತು ಹಿಡಿಯಿತು. ಅವನನ್ನು ಯಾರೂ ತಡೆಯಲಿಲ್ಲ, ಯಾರೂ ಬಯ್ಯಲೂ ಇಲ್ಲ.

ಉಲ್ಫಾ ಹಲ್ಲೂಮಾಳನ್ನು ದಾಟಿಕೊಂಡು ಅಂಗಳಕ್ಕೆ ಬಂದಳು. ಗಂಡಸರ ಊಟದ ನಡುವೆ ಮನೆಯ ಹೆಂಗಸು ಹಾಗೆ ಬರುವ ರೂಢಿಯಿಲ್ಲ. ಅವಳು ಬಂದು ಬೂರಾವಿಯ ಎದುರು ನಿಂತಳು.

“ಅವರ ಹೆಸರಿನ ಮುಂದೆ ರುಜು ಹಾಕುವಾಗ ಅವರನ್ನ ಕರೆದು ಒಂದು ಮಾತು ಕೇಳಿದ್ರಾ?”

“ಇಲ್ಲ ತಾಯಿ.”

“ಕೂಗಳತೆ ದೂರದಲ್ಲಿ ಇದ್ರು.”

“ಇದ್ದ.”

ಅವಳ ಕಣ್ಣಲ್ಲಿ ಕ್ಷಮೆಯೇನೂ ಇರಲಿಲ್ಲ; ಇರಬೇಕೆಂದು ಕೇಳುವ ಹಕ್ಕೂ ಬೂರಾವಿಗಿರಲಿಲ್ಲ. “ನಾಳೆ ಕಚೇರೀಲಿ ಆ ಮೇಡಂ ಮುಂದೆ ಇಷ್ಟನ್ನೂ ಹೇಳ್ತೀರಾ? ಒಂದು ಮಾತೂ ಬಿಡದೆ?”

“ಹೇಳ್ತೀನಿ.”

“ಹಾಗಾದ್ರೆ ಕೂತು ಊಟ ಮಾಡಿ,” ಎಂದು ಹೇಳಿ ಅವಳು ಒಳಗೆ ಹೋದಳು.

ಬೂರಾವಿ ಕೂತ. ಅವನ ಹರಿವಾಣದ ಸುತ್ತ ಇದ್ದ ಪಕ್ಕದ ಬೀದಿಯವರು ಧಣಿಯನ್ನು ಕಳಿಸಿಕೊಡಲು ಎದ್ದುಹೋಗಿದ್ದರು. ಕುಸ್ಕುಸ್‌ನ ಗುಡ್ಡದ ಮುಂದೆ ಅವನು ಒಬ್ಬನೇ. ಚಮಚ ಹಿಡಿದಿದ್ದ, ಬಾಯಿಗೆ ಎತ್ತಲು ಆಗುತ್ತಿರಲಿಲ್ಲ. ಹಲ್ಲೂಮಾಳಿಗೆ ಓಡಿಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು.

ಅಷ್ಟರಲ್ಲಿ ಆಚೆ ತುದಿಯಲ್ಲಿ ಹಾತಿಮ್ ಗೋಡೆ ಹಿಡಿದು ಎದ್ದ. ಅಂಗಳ ದಾಟಲು ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಕೈಯಲ್ಲಿ ಅವನ ಚಮಚವಿತ್ತು.

“ಸ್ವಲ್ಪ ಸರೀರಿ ಅಪ್ಪ,” ಎಂದ.

ಬೂರಾವಿ ಸರಿದು ಕೂತ.